ಇಂಡಕ್ಷನ್ ಒಲೆಯ ಟಚ್ ಪ್ಯಾನೆಲ್: ಬೆರಳು ಇಟ್ಟಾಗ ಮಾತ್ರ ಬರುವ ನಾಯ್ಸ್

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಂಪನಿ ಸಿಂಗಲ್ ಬರ್ನರ್ ಇಂಡಕ್ಷನ್ ಒಲೆ ತಯಾರಿಸುತ್ತದೆ. 230 ವೋಲ್ಟ್, 2000 ವ್ಯಾಟ್. ಮೇಲೆ 4 ಮಿಲಿಮೀಟರ್ ದಪ್ಪದ ಗ್ಲಾಸ್-ಸೆರಾಮಿಕ್ ಫಲಕ, ಮುಂದೆ 8 ಟಚ್ ಬಟನ್. ಅವರಿಗೆ ಗ್ರಾಹಕರಿಂದ ಎರಡು ದೂರು ಬರುತ್ತಿದ್ದವು. ಒಲೆ ಆನ್ ಆಗಿ ಪಾತ್ರೆ ಕಾಯುತ್ತಿರುವಾಗ ಬಟನ್ ಸರಿಯಾಗಿ ಕೇಳುವುದಿಲ್ಲ, ಮತ್ತೆ ಮತ್ತೆ ಮುಟ್ಟಬೇಕು. ಇದು ಒಂದು. ಹಾಲು ಉಕ್ಕಿ ಪ್ಯಾನೆಲ್ ಮೇಲೆ ಹರಿದರೆ ಪವರ್ ತಾನಾಗಿಯೇ ಏರುತ್ತದೆ. ಇದು ಇನ್ನೊಂದು.

ಎರಡನೇ ದೂರು ಮೊದಲಿನಿಂದ ಇದ್ದದ್ದಲ್ಲ. ಬಟನ್ ಕೇಳುತ್ತಿಲ್ಲ ಅಂದಾಗ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ಪ್ರೋಗ್ರಾಂ) ತಂಡ ಸೆನ್ಸಿಟಿವಿಟಿ ಜಾಸ್ತಿ ಮಾಡಿತ್ತು. ಅದರ ಬೆನ್ನಲ್ಲೇ ಉಕ್ಕಿದ ಹಾಲಿನ ದೂರು ಶುರುವಾಯಿತು. ಮೊದಲನೆಯದು ಬರೀ ಕಿರಿಕಿರಿ. ಎರಡನೆಯದು ಅಪಾಯ. ಉಕ್ಕುತ್ತಿರುವ ಪಾತ್ರೆಗೆ ಒಲೆ ಇನ್ನಷ್ಟು ಶಾಖ ಕೊಡುತ್ತದೆ ಅಂದರೆ ಅದನ್ನು ಸಣ್ಣ ದೋಷ ಅನ್ನಲಾಗದು. ವಿನ್ಯಾಸ ಪರಿಶೀಲನೆಗೆ ನನ್ನನ್ನು ಕರೆದಾಗ ಕಂಪನಿ ಕೇಳಿದ್ದು ಇಷ್ಟೇ: ಸೆನ್ಸಿಟಿವಿಟಿ ಎಷ್ಟಿಟ್ಟರೆ ಎರಡೂ ದೂರು ನಿಲ್ಲುತ್ತವೆ? ಅಂಥ ಒಂದು ಸಂಖ್ಯೆ ಈ ಒಲೆಯಲ್ಲಿ ಇರಲೇ ಇಲ್ಲ. ಯಾಕೆ ಇರಲಿಲ್ಲ ಅನ್ನುವುದೇ ಈ ಪ್ರಕರಣ.

ಗಾಜಿನ ಕೆಳಗೆ ಏನಿದೆ

ಪ್ರತಿ ಬಟನ್ ಕೆಳಗೂ ಒಂದು ಲೋಹದ ಸ್ಪ್ರಿಂಗ್ ಇದೆ. ಬುಡವನ್ನು ಪಿಸಿಬಿಗೆ, ಅಂದರೆ ಸರ್ಕ್ಯೂಟ್ ಬೋರ್ಡಿಗೆ, ಬೆಸುಗೆ ಹಾಕಿದ್ದಾರೆ. ತಲೆ ಗಾಜಿನ ಅಡಿಗೆ ಒತ್ತಿಕೊಂಡು ನಿಲ್ಲಬೇಕು. ಸ್ಪ್ರಿಂಗಿನ ತಲೆ ಒಂದು ಪ್ಲೇಟ್, ಗಾಜಿನ ಮೇಲಿಟ್ಟ ಬೆರಳು ಇನ್ನೊಂದು ಪ್ಲೇಟ್, ನಡುವೆ ಗಾಜು. ಅಲ್ಲಿಗೆ ಒಂದು ಕೆಪಾಸಿಟರ್ ಆಯಿತು. ಅದು ಎಷ್ಟು ಚಾರ್ಜ್ ಹಿಡಿದಿಡಬಲ್ಲದು ಅನ್ನುವುದೇ ಕೆಪಾಸಿಟೆನ್ಸ್. ಹೀಗೆ ಒಂದೇ ಎಲೆಕ್ಟ್ರೋಡ್ ಇಟ್ಟು, ಅದರ ಕೆಪಾಸಿಟೆನ್ಸ್ ಎಷ್ಟು ಏರಿತು ಅಂತ ನೋಡುವುದು ಸೆಲ್ಫ್ ಕೆಪಾಸಿಟೆನ್ಸ್ ವಿಧಾನ. ಮೊಬೈಲ್ ಪರದೆಗಳಲ್ಲಿ ಹೆಚ್ಚಾಗಿ ಮ್ಯೂಚುವಲ್ ಕೆಪಾಸಿಟೆನ್ಸ್ ಬಳಸುತ್ತಾರೆ. ಅಲ್ಲಿ ಸಿಗ್ನಲ್ ಕಳಿಸುವ ಗೆರೆ ಬೇರೆ, ಪಡೆಯುವ ಗೆರೆ ಬೇರೆ. ಬೆರಳು ಬಂದರೆ ಅವೆರಡರ ನಡುವಿನ ಕೆಪಾಸಿಟೆನ್ಸ್ ಇಳಿಯುತ್ತದೆ. ನಮ್ಮ ಒಲೆಯಲ್ಲಿ ಇರುವುದು ಮೊದಲನೆಯದು.

ಬೆರಳಿನಿಂದ ಬರುವ ಕೆಪಾಸಿಟೆನ್ಸ್ ಬಹಳ ಚಿಕ್ಕದು, ಸುಮಾರು ಒಂದು ಪಿಕೋಫ್ಯಾರಡ್ (ಫ್ಯಾರಡ್‌ನ ಲಕ್ಷ ಕೋಟಿಯಲ್ಲೊಂದು ಭಾಗ). ಬೆರಳು ಇಲ್ಲದಾಗಲೂ ಸ್ಪ್ರಿಂಗ್, ಪಿಸಿಬಿ ಟ್ರ್ಯಾಕ್, ಐಸಿಯ ಪಿನ್ ಎಲ್ಲ ಸೇರಿ ಹತ್ತಾರು ಪಿಕೋಫ್ಯಾರಡ್ ಇದ್ದೇ ಇರುತ್ತದೆ. ಇದಕ್ಕೆ ಪ್ಯಾರಾಸಿಟಿಕ್ ಕೆಪಾಸಿಟೆನ್ಸ್ ಅನ್ನುತ್ತಾರೆ. ಚಿಪ್ ಈ ಒಟ್ಟು ಕೆಪಾಸಿಟೆನ್ಸನ್ನು ಒಂದು ಸಂಖ್ಯೆಯಾಗಿ ಕೊಡುತ್ತದೆ. ಅದು ರಾ ಕೌಂಟ್. ಬೆರಳು ಇಲ್ಲದಾಗ ರಾ ಕೌಂಟ್ ನಿಲ್ಲುವ ಮಟ್ಟ ಬೇಸ್‌ಲೈನ್. ಬೆರಳು ಇಟ್ಟಾಗ ಬೇಸ್‌ಲೈನಿನ ಮೇಲೆ ಏರಿದ ಭಾಗ ಸಿಗ್ನಲ್. ಸಿಗ್ನಲ್ ಎಷ್ಟು ದಾಟಿದರೆ ಬಟನ್ ಒತ್ತಿದಂತೆ ಅನ್ನುವ ಗಡಿ ಥ್ರೆಶೋಲ್ಡ್. ಸೆನ್ಸಿಟಿವಿಟಿ ಜಾಸ್ತಿ ಮಾಡಿದ್ದೇವೆ ಅಂತ ತಂಡ ಹೇಳಿದ್ದು ಈ ಗಡಿಯನ್ನು ಇಳಿಸಿದ್ದನ್ನು. 60 ಇದ್ದದ್ದನ್ನು 30ಕ್ಕೆ ತಂದಿದ್ದರು.

ಒಲೆ ಸುಮ್ನೆ ಸ್ಟ್ಯಾಂಡ್‌ಬೈನಲ್ಲಿದ್ದಾಗ ಮಧ್ಯದ ಒಂದು ಬಟನ್‌ನ ಸಿಗ್ನಲ್ 90 ಇತ್ತು. ಬೆರಳು ಇಲ್ಲದಾಗ ಕೌಂಟ್ ಮೇಲೆ ಕೆಳಗೆ ಒಟ್ಟು 6ರಷ್ಟು ಅಲುಗಾಡುತ್ತಿತ್ತು. ಈ ಅಲುಗಾಟವೇ ನಾಯ್ಸ್. 90ನ್ನು 6ರಿಂದ ಭಾಗಿಸಿದರೆ 15. ಟಚ್ ವಿನ್ಯಾಸದಲ್ಲಿ ಸಿಗ್ನಲ್‌ಗೂ ನಾಯ್ಸ್‌ಗೂ ಕನಿಷ್ಠ 5:1 ಅನುಪಾತ ಇರಬೇಕು ಅನ್ನುವುದು ರೂಢಿಯ ನಿಯಮ. ಅದರ ಪ್ರಕಾರ ಈ ಪ್ಯಾನೆಲ್ ಸಲೀಸಾಗಿ ಪಾಸ್. ಕಂಪನಿಯ ಟೆಸ್ಟ್ ರಿಪೋರ್ಟಿನಲ್ಲೂ ಹಾಗೇ ಬರೆದಿತ್ತು.

ಅರ್ಧ ಮಿಲಿಮೀಟರ್ ಗಾಳಿ

ಮೊದಲು ಕಣ್ಣಿಗೆ ಬಿದ್ದದ್ದು ಬಟನ್‌ನಿಂದ ಬಟನ್‌ಗೆ ಇದ್ದ ವ್ಯತ್ಯಾಸ. ಎರಡು ತುದಿಯ ಬಟನ್‌ಗಳ ಸಿಗ್ನಲ್ ಮಧ್ಯದವಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಪ್ಯಾನೆಲ್ ಬಿಚ್ಚಿ ನೋಡಿದರೆ ಪಿಸಿಬಿಯನ್ನು ಎರಡು ತುದಿಯಲ್ಲಿ ಮಾತ್ರ ಸ್ಕ್ರೂ ಹಾಕಿ ನಿಲ್ಲಿಸಿದ್ದರು. ಎಂಟು ಸ್ಪ್ರಿಂಗ್‌ಗಳ ಒತ್ತಡಕ್ಕೆ ಬೋರ್ಡ್ ನಡುವಿನಲ್ಲಿ ಕೆಳಕ್ಕೆ ಬಾಗಿತ್ತು. ಮಧ್ಯದ ಸ್ಪ್ರಿಂಗ್‌ಗಳ ಅಂಚು ಮಾತ್ರ ಗಾಜಿಗೆ ತಾಗಿ, ಉಳಿದ ಕಡೆ ಸುಮಾರು ಅರ್ಧ ಮಿಲಿಮೀಟರ್ ಗಾಳಿ ಸೇರಿಕೊಂಡಿತ್ತು.

ಅರ್ಧ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕೋಣ. ಸ್ಪ್ರಿಂಗ್ ತಲೆ 12 ಮಿಲಿಮೀಟರ್ ಅಗಲ, ಅಂದರೆ ವಿಸ್ತೀರ್ಣ ಸುಮಾರು 113 ಚದರ ಮಿಲಿಮೀಟರ್. ನಡುವಿನ ವಸ್ತು ಕೆಪಾಸಿಟೆನ್ಸನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವ ಸಂಖ್ಯೆ ಡೈಎಲೆಕ್ಟ್ರಿಕ್ ಸ್ಥಿರಾಂಕ. ಗಾಜಿಗೆ ಅದು 7 ಅಂತ ಇಟ್ಟುಕೊಳ್ಳಿ. 4 ಮಿಲಿಮೀಟರ್ ಗಾಜಿನ ಮೂಲಕ ಸಿಗುವುದು ಸುಮಾರು 1.75 ಪಿಕೋಫ್ಯಾರಡ್. ಗಾಳಿಯ ಸ್ಥಿರಾಂಕ 1. ಅದೇ ವಿಸ್ತೀರ್ಣಕ್ಕೆ 0.5 ಮಿಲಿಮೀಟರ್ ಗಾಳಿಯ ಪದರ ಕೊಡುವುದು 2 ಪಿಕೋಫ್ಯಾರಡ್. ಇವೆರಡೂ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು, ಬಂದರೆ ಉಳಿಯುವುದು 0.93. ಅರ್ಧ ಮಿಲಿಮೀಟರ್ ಗಾಳಿ ಮೂರೂವರೆ ಮಿಲಿಮೀಟರ್ ಗಾಜಿಗೆ ಸಮ! ಮೇಲಿನ ಗಾಜು ಎಷ್ಟು ದಪ್ಪ ಅಂತ ಎಲ್ಲರೂ ಕೇಳುತ್ತಾರೆ. ಅದರ ಕೆಳಗೆ ಗಾಳಿ ಇದೆಯಾ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಎರಡನೇ ಪ್ರಶ್ನೆಯೇ ಮೊದಲು ಬರಬೇಕು.

ಬೋರ್ಡಿನ ನಡುವೆ ಎರಡು ಪ್ಲಾಸ್ಟಿಕ್ ಆಸರೆ ಕೊಟ್ಟದ್ದೇ ತಡ, ಎಂಟೂ ಸ್ಪ್ರಿಂಗ್ ಗಾಜಿಗೆ ಪೂರ್ತಿ ಕೂತವು. ಮಧ್ಯದ ಬಟನ್‌ನ ಸಿಗ್ನಲ್ 90ರಿಂದ 168ಕ್ಕೆ ಏರಿತು. ಗಾಜಿನ ಅಡಿಗೆ ಹಚ್ಚಿದ್ದ ಬೆಳ್ಳಿ ಬಣ್ಣದ ಮೆಟಾಲಿಕ್ ಪ್ರಿಂಟನ್ನೂ ಬಟನ್‌ಗಳ ಭಾಗದಲ್ಲಿ ಮಾಮೂಲಿ ಬಣ್ಣಕ್ಕೆ ಬದಲಿಸಲು ಹೇಳಿದೆ. ಲೋಹದ ಪುಡಿ ಇರುವ ಬಣ್ಣ ಒಂದು ಬಟನ್‌ನ ಫೀಲ್ಡನ್ನು ಪಕ್ಕದ ಬಟನ್‌ಗೆ ಹರಡಿಬಿಡುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತು ಅಂತ ತಂಡಕ್ಕೆ ಅನ್ನಿಸಿತು. ಆದರೆ ಪಾತ್ರೆ ಇಟ್ಟು ಪೂರ್ತಿ ಪವರ್‌ನಲ್ಲಿ ಒಲೆ ಓಡಿಸಿದರೆ ಬಟನ್ ಮತ್ತೆ ಮೊದಲಿನ ಹಾಗೇ ತಡವರಿಸುತ್ತಿತ್ತು.

ಚಪ್ಪಲಿ ವಾದ

ಇಷ್ಟರಲ್ಲಿ ಸರ್ವಿಸ್‌ನವರ ಬಳಿ ಒಂದು ವಿವರಣೆ ಸಿದ್ಧವಾಗಿತ್ತು. ಚಪ್ಪಲಿ ಹಾಕಿಕೊಂಡು ಅಡುಗೆ ಮಾಡುವವರಿಗೆ ಬಟನ್ ಕೇಳುವುದಿಲ್ಲ, ಬರಿಗಾಲಲ್ಲಿ ನಿಂತರೆ ಕೇಳುತ್ತದೆ ಅಂತ ಅವರು ಗ್ರಾಹಕರಿಗೂ ಹೇಳುತ್ತಿದ್ದರು. ಈ ಮಾತಿನ ಹಿಂದೆ ಒಂದು ನಿಜ ಇದೆ. ಬೆರಳಿನ ಕರೆಂಟ್ ಎಲ್ಲಿಂದಲೋ ತಿರುಗಿ ಬೋರ್ಡಿಗೆ ಬರಬೇಕು. ಅದು ದೇಹದಿಂದ ಭೂಮಿಗೆ, ಭೂಮಿಯಿಂದ ನ್ಯೂಟ್ರಲ್ ಮೂಲಕ ಬೋರ್ಡಿನ ಗ್ರೌಂಡ್‌ಗೆ ಬರುತ್ತದೆ. ಚಪ್ಪಲಿ ಈ ದಾರಿಗೆ ಅಡ್ಡ ಅಲ್ವಾ?

ಅಡ್ಡ ಹೌದು, ಆದರೆ ಲೆಕ್ಕಕ್ಕೆ ಬರುವಷ್ಟಲ್ಲ. ಚಪ್ಪಲಿ ಹಾಕಿ ನಿಂತ ಮನುಷ್ಯನ ದೇಹಕ್ಕೂ ಭೂಮಿಗೂ ನಡುವೆ 100 ಪಿಕೋಫ್ಯಾರಡ್ ಆಸುಪಾಸಿನ ಕೆಪಾಸಿಟೆನ್ಸ್ ಇರುತ್ತದೆ. ಬೆರಳಿನ ಕೆಪಾಸಿಟೆನ್ಸ್ 1.75. ಇವೆರಡು ಸೀರೀಸ್‌ನಲ್ಲಿ ಬಂದರೆ 1.72. ನೂರಕ್ಕೆ ಎರಡು ಪಾಲೂ ಇಳಿಯುವುದಿಲ್ಲ. ಬ್ಯಾಟರಿ ಮೇಲೆ ಓಡುವ ಚಿಕ್ಕ ಸಾಧನವಾಗಿದ್ದರೆ ಮಾತು ಬೇರೆ. ಅಲ್ಲಿ ಸಾಧನದ ಗ್ರೌಂಡ್‌ಗೂ ಭೂಮಿಗೂ ಇರುವ ಸಂಬಂಧವೇ ಕೆಲವು ಪಿಕೋಫ್ಯಾರಡ್, ಹಾಗಾಗಿ ಅದನ್ನು ಕೈಯಲ್ಲಿ ಹಿಡಿದಾಗ ಒಂದು ಥರ, ಮೇಜಿನ ಮೇಲಿಟ್ಟಾಗ ಒಂದು ಥರ ಆಡುತ್ತದೆ. ಗೋಡೆಯ ಪ್ಲಗ್ಗಿಗೆ ಹಾಕಿದ ಒಲೆಗೆ ಅದು ಅನ್ವಯಿಸುವುದಿಲ್ಲ. ಗ್ರಾಹಕರಿಗೆ ಚಪ್ಪಲಿ ಬಿಡಿ ಅಂತ ಹೇಳುವುದನ್ನು ಮೊದಲು ನಿಲ್ಲಿಸಿ ಅಂದೆ. ಒದ್ದೆ ನೆಲ, ಕರೆಂಟಿನ ಉಪಕರಣ, ಬರಿಗಾಲು, ಈ ಮೂರೂ ಸೇರುವಂತೆ ಯಾರಿಗೂ ಸಲಹೆ ಕೊಡಬಾರದು.

ಆದರೆ ಈ ವಾದದಲ್ಲಿ ಉಪಯೋಗಕ್ಕೆ ಬರುವ ಒಂದು ಎಳೆ ಇತ್ತು. ಬೆರಳು, ದೇಹ, ಭೂಮಿ, ನ್ಯೂಟ್ರಲ್, ಬೋರ್ಡಿನ ಗ್ರೌಂಡ್ ಎಲ್ಲ ಸೇರಿ ಒಂದೇ ಸರ್ಕ್ಯೂಟ್. ಸಿಗ್ನಲ್ ಈ ಸುತ್ತಿನಲ್ಲಿ ಹರಿಯುತ್ತದೆ ಅಂದಮೇಲೆ ನಾಯ್ಸ್ ಕೂಡ ಇದರಲ್ಲೇ ಹರಿಯಬಹುದು.

ಬೆರಳು ತರುವ ನಾಯ್ಸ್

ಖರ್ಚು ಉಳಿಸಲು ಈ ಒಲೆಯಲ್ಲಿ ಐಸೊಲೇಶನ್ ಇಲ್ಲದ, ಅಂದರೆ ಮೇನ್ಸ್‌ನಿಂದ ಬೇರ್ಪಡಿಸದ, ಪವರ್ ಸಪ್ಲೈ ಹಾಕಿದ್ದಾರೆ. ಕಂಟ್ರೋಲ್ ಬೋರ್ಡಿನ ಗ್ರೌಂಡ್ ನೇರವಾಗಿ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್‌ನ ನೆಗೆಟಿವ್‌ಗೆ ಸೇರಿದೆ. ಇದನ್ನು ಹಾಟ್ ಗ್ರೌಂಡ್ ಅನ್ನುತ್ತಾರೆ. 4 ಮಿಲಿಮೀಟರ್ ಗಾಜು ನಡುವೆ ಇರುವುದರಿಂದ ಬಳಸುವವರಿಗೆ ತೊಂದರೆಯಿಲ್ಲ. ಬಿಚ್ಚಿ ಕೆಲಸ ಮಾಡುವವರಿಗೆ ಇದೆ. ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಅಥವಾ ಡಿಫರೆನ್ಷಿಯಲ್ ಪ್ರೋಬ್ ಇಲ್ಲದೆ ಈ ಗ್ರೌಂಡ್‌ಗೆ ಆಸಿಲೋಸ್ಕೋಪಿನ ಕ್ಲಿಪ್ ಸಿಕ್ಕಿಸಬೇಡಿ.

ಒಲೆ ಓಡುವಾಗ ಕಾಯಿಲ್‌ಗೆ ಕರೆಂಟ್ ಕೊಡುವ ಎಲೆಕ್ಟ್ರಾನಿಕ್ ಸ್ವಿಚ್ ಆದ ಐಜಿಬಿಟಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಆನ್-ಆಫ್ ಆಗುತ್ತದೆ. ಪ್ರತಿ ಸಲವೂ ಬೋರ್ಡಿನ ಗ್ರೌಂಡ್ ಭೂಮಿಯ ಹೋಲಿಕೆಯಲ್ಲಿ ಸ್ವಲ್ಪ ಜಿಗಿಯುತ್ತದೆ. ಬೆರಳು ಇಲ್ಲದಾಗ ಇದು ಸೆನ್ಸರ್‌ಗೆ ಕಾಣುವುದೇ ಇಲ್ಲ. ಸ್ಪ್ರಿಂಗ್, ಟ್ರ್ಯಾಕ್, ಚಿಪ್ ಎಲ್ಲವೂ ಗ್ರೌಂಡ್ ಜೊತೆಗೇ ಜಿಗಿಯುತ್ತವೆ. ತೆಪ್ಪದಲ್ಲಿ ಕೂತವರಿಗೆ ತೆಪ್ಪದೊಳಗಿನ ಸಾಮಾನು ಅಲುಗಾಡಿದಂತೆ ಕಾಣುವುದಿಲ್ಲವಲ್ಲ, ಹಾಗೆ. ಬೆರಳು ದಡದಲ್ಲಿ ನಿಂತಿದೆ. ದೇಹ ಭೂಮಿಯ ಮಟ್ಟದಲ್ಲಿ ಸ್ಥಿರವಾಗಿರುತ್ತದೆ, ಸ್ಪ್ರಿಂಗ್ ಜಿಗಿಯುತ್ತಿರುತ್ತದೆ. ಮುಟ್ಟಿದ ಕ್ಷಣ ಆ ವ್ಯತ್ಯಾಸ ಬೆರಳಿನ ಕೆಪಾಸಿಟರ್ ಮೂಲಕ ಚಾರ್ಜ್ ಆಗಿ ಒಳಗೆ ಬರುತ್ತದೆ.

ಇದರ ಪ್ರಮಾಣ ನೋಡಿ. ಚಿಪ್ 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಬೆರಳಿನ ಕೆಪಾಸಿಟೆನ್ಸ್ 1 ಪಿಕೋಫ್ಯಾರಡ್ ಅಂದುಕೊಂಡರೆ ಒಂದು ಸಲದ ಅಳತೆಯಲ್ಲಿ ಬೆರಳಿನ ಪಾಲು 5 ಪಿಕೋಕೂಲಂಬ್. ಅಳೆಯುವ ಹೊತ್ತಿಗೇ ಗ್ರೌಂಡ್ 2 ವೋಲ್ಟ್ ಜಿಗಿದರೆ ಅದೇ ದಾರಿಯಲ್ಲಿ 2 ಪಿಕೋಕೂಲಂಬ್ ಬರುತ್ತದೆ. ಸಿಗ್ನಲ್‌ನ ನೂರಕ್ಕೆ ನಲವತ್ತು ಭಾಗ!

ಟೆಸ್ಟ್ ರಿಪೋರ್ಟಿನ 15:1 ಹೇಗೆ ಬಂತು ಅನ್ನುವುದು ಈಗ ಸ್ಪಷ್ಟ. ನಾಯ್ಸ್ ಅಳೆದದ್ದು ಬೆರಳು ಇಲ್ಲದಾಗ, ಅದೂ ಒಲೆ ಸುಮ್ಮನಿದ್ದಾಗ. ಪೂರ್ತಿ ಪವರ್‌ನಲ್ಲಿ ಓಡಿಸಿ, ಬೆರಳನ್ನು ಬಟನ್ ಮೇಲಿಟ್ಟುಕೊಂಡೇ ಅಳೆದರೆ ಚಿತ್ರ ಬೇರೆಯಾಯಿತು. ಹಳೆಯ ಜೋಡಣೆಯಲ್ಲಿ ಸಿಗ್ನಲ್ 90, ನಾಯ್ಸ್ 60. ಗಾಳಿ ತೆಗೆದ ಹೊಸ ಜೋಡಣೆಯಲ್ಲಿ ಸಿಗ್ನಲ್ 168, ನಾಯ್ಸ್ 110. ಎರಡರಲ್ಲೂ ಅನುಪಾತ ಒಂದೂವರೆ. ಸಿಗ್ನಲ್ ಎರಡರಷ್ಟಾಯಿತು ಅಂತ ಖುಷಿಪಟ್ಟ ಕಡೆಯಲ್ಲೇ ನಾಯ್ಸ್ ಕೂಡ ಅಷ್ಟೇ ಏರಿತ್ತು. ಏರಲೇಬೇಕು, ಎರಡೂ ಬರುವುದು ಒಂದೇ ಕೆಪಾಸಿಟರ್ ಮೂಲಕ. ಗಾಳಿ ತೆಗೆದದ್ದು ವ್ಯರ್ಥವಲ್ಲ. ಎಂಟೂ ಬಟನ್ ಸಮ ಆದದ್ದರಿಂದ ಎಲ್ಲಕ್ಕೂ ಒಂದೇ ಥ್ರೆಶೋಲ್ಡ್ ಇಡಲು ಸಾಧ್ಯವಾಯಿತು. ಆದರೆ ಮೊದಲ ದೂರಿಗೆ ಅದು ಮದ್ದಲ್ಲ. ಥ್ರೆಶೋಲ್ಡ್ ಇಳಿಸಿದ್ದಂತೂ ಖಂಡಿತ ಮದ್ದಲ್ಲ.

ನಾಯ್ಸ್ ತಗ್ಗಿಸಲು ಮಾಮೂಲಿ ದಾರಿಗಳಿವೆ. ಚಿಪ್‌ನ ಪ್ರತಿ ಸೆನ್ಸರ್ ಪಿನ್ ಹತ್ತಿರ ಕೆಲವು ನೂರು ಓಮ್‌ನ ರೆಸಿಸ್ಟರ್, ಒಂದೊಂದು ಸಲ ಒಂದೊಂದು ಫ್ರೀಕ್ವೆನ್ಸಿಯಲ್ಲಿ ಅಳೆಯುವುದು, ಮೀಡಿಯನ್ ಫಿಲ್ಟರ್ (ಹಲವು ಅಳತೆಗಳಲ್ಲಿ ನಡುವಿನದನ್ನು ಮಾತ್ರ ತೆಗೆದುಕೊಳ್ಳುವುದು). ರೆಸಿಸ್ಟರ್ ಬೋರ್ಡಿನಲ್ಲಿ ಆಗಲೇ ಇತ್ತು. ಫಿಲ್ಟರ್ ಜಾಸ್ತಿ ಮಾಡಿದರೆ ಬಟನ್ ನಿಧಾನವಾಗುತ್ತದೆ. ನಾವು ಹಿಡಿದ ದಾರಿ ಇಂಡಕ್ಷನ್ ಒಲೆಗೆ ಮಾತ್ರ ಸಿಗುವಂಥದ್ದು.

ಇಂಡಕ್ಷನ್ ಒಲೆಯಲ್ಲಿ ರೆಕ್ಟಿಫೈಯರ್ ನಂತರದ ಕೆಪಾಸಿಟರ್ ಬೇಕೆಂದೇ ಚಿಕ್ಕದು, ಕೆಲವೇ ಮೈಕ್ರೋಫ್ಯಾರಡ್. ಹಾಗಾಗಿ ಪೂರ್ತಿ ಲೋಡ್‌ನಲ್ಲಿ ಡಿಸಿ ವೋಲ್ಟೇಜ್ ನೆಟ್ಟಗೆ ನಿಲ್ಲುವುದಿಲ್ಲ. 50 ಹರ್ಟ್ಸ್ ಮೇನ್ಸ್ ಜೊತೆಗೇ ಏರಿ ಇಳಿದು, ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಸೊನ್ನೆಯ ಹತ್ತಿರ ಬರುತ್ತದೆ. ಇದು ಜೀರೋ ಕ್ರಾಸಿಂಗ್. ಅದರ ಹಿಂದೆ ಮುಂದೆ ಅರ್ಧರ್ಧ ಮಿಲಿಸೆಕೆಂಡ್ ವೋಲ್ಟೇಜ್ 51ರ ಒಳಗೇ ಇರುತ್ತದೆ. ತುತ್ತತುದಿಯಲ್ಲಿ ಅದು 325. ಐಜಿಬಿಟಿ ಜಿಗಿತದ ನಾಯ್ಸ್ ಕೂಡ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಬಟನ್‌ಗಳನ್ನು ಈ 1 ಮಿಲಿಸೆಕೆಂಡಿನಲ್ಲಿ ಮಾತ್ರ ಅಳೆದರೆ? ಜೀರೋ ಕ್ರಾಸಿಂಗ್ ಪತ್ತೆಮಾಡುವ ಸರ್ಕ್ಯೂಟ್ ಬೋರ್ಡಿನಲ್ಲಿ ಬೇರೆ ಕಾರಣಕ್ಕೆ ಇದ್ದೇ ಇತ್ತು. ಒಂದು ರೂಪಾಯಿ ಬಿಡಿಭಾಗವೂ ಬೇಕಾಗಲಿಲ್ಲ.

ತಿಳಿದವರು ಇಲ್ಲೊಂದು ಪ್ರಶ್ನೆ ಕೇಳುತ್ತಾರೆ. ಮೇನ್ಸ್ ಅಲೆ ಅತ್ಯಂತ ವೇಗವಾಗಿ ಬದಲಾಗುವುದು ಜೀರೋ ಕ್ರಾಸಿಂಗ್‌ನಲ್ಲೇ ಅಲ್ವಾ? ಹೌದು. ಆದರೆ ಆ ವೇಗ ಮೈಕ್ರೋಸೆಕೆಂಡಿಗೆ ಸುಮಾರು 0.1 ವೋಲ್ಟ್. ಒಂದೆರಡು ಮೈಕ್ರೋಸೆಕೆಂಡಿನ ಅಳತೆಯಲ್ಲಿ ಅದು ಐಜಿಬಿಟಿ ಜಿಗಿತದ ಮುಂದೆ ಏನೂ ಅಲ್ಲ.

ಒಂದು ಕ್ರಾಸಿಂಗ್‌ನಲ್ಲಿ ಎರಡು ಬಟನ್ ಅಳೆದರೆ ಎಂಟೂ ಮುಗಿಯಲು 40 ಮಿಲಿಸೆಕೆಂಡ್. ಸತತ ಮೂರು ಸಲ ಥ್ರೆಶೋಲ್ಡ್ ದಾಟಿದರೆ ಮಾತ್ರ ನಿಜವಾದ ಸ್ಪರ್ಶ ಅಂತ ಒಪ್ಪುವುದು. ಈ ಕಾಯುವಿಕೆಯ ಹೆಸರು ಡಿಬೌನ್ಸ್. ಒಟ್ಟು 120 ಮಿಲಿಸೆಕೆಂಡ್. ಅಡುಗೆ ಮಾಡುವವರಿಗೆ ತಡ ಅನ್ನಿಸುವುದಿಲ್ಲ. ಬೆರಳು ಇಟ್ಟು ಅಳೆದ ನಾಯ್ಸ್ 110ರಿಂದ 20ಕ್ಕೆ ಇಳಿಯಿತು. ಸಿಗ್ನಲ್ 168. ಅನುಪಾತ ಎಂಟರ ಮೇಲೆ. ಥ್ರೆಶೋಲ್ಡನ್ನು 30ರಿಂದ 100ಕ್ಕೆ ಏರಿಸಿದೆವು. ಬಿಡುವ ಗಡಿ 80. ಒತ್ತುವ ಮತ್ತು ಬಿಡುವ ಗಡಿಗಳ ನಡುವಿನ ಈ ಅಂತರಕ್ಕೆ ಹಿಸ್ಟರೆಸಿಸ್ ಅನ್ನುತ್ತಾರೆ. ಅದಿಲ್ಲದಿದ್ದರೆ ಗಡಿಯಲ್ಲಿ ನಿಂತ ಬೆರಳು ಹತ್ತು ಸಲ ಒತ್ತಿದಂತೆ ಕಾಣುತ್ತದೆ.

ಹಾಲು, ಗಂಜಿ, ಒದ್ದೆ ಬಟ್ಟೆ

ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80. ಹಾಲು, ಅನ್ನದ ಗಂಜಿ, ಸಾರಿನಲ್ಲಿ ಉಪ್ಪು-ಖನಿಜ ಇರುವುದರಿಂದ ಅವು ವಿದ್ಯುತ್ತನ್ನೂ ಹರಿಸುತ್ತವೆ. ಆದರೂ ಒಂದು ಬಟನ್ ಮೇಲೆ ಬಿದ್ದ ಒಂಟಿ ಹನಿ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಅದು ಯಾವುದಕ್ಕೂ ಸೇರಿಲ್ಲ. ಹಳೆಯ 30ರ ಥ್ರೆಶೋಲ್ಡನ್ನು ಅದು ದಾಟುತ್ತಿತ್ತು, 100ನ್ನು ದಾಟಲಿಲ್ಲ. ಹಾಲು ಹರಿದು ಎರಡು ಮೂರು ಬಟನ್‌ಗಳನ್ನು ಜೋಡಿಸಿದಾಗ ನಿಜವಾದ ಸಮಸ್ಯೆ ಶುರು.

ಇದರ ಕಾರಣ ಫರ್ಮ್‌ವೇರಿನಲ್ಲಿತ್ತು. ಒಂದು ಬಟನ್ ಅಳೆಯುವಾಗ ಉಳಿದ ಏಳನ್ನೂ ಗ್ರೌಂಡ್‌ಗೆ ಕಟ್ಟಿಡುತ್ತಿದ್ದರು. ಒಣಗಿದ್ದಾಗ ಅದು ಒಳ್ಳೆಯ ಪದ್ಧತಿ. ಒದ್ದೆಯಾದಾಗ ಹಾಲಿನ ಪದರ ಅಳೆಯುವ ಬಟನ್‌ನಿಂದ ಪಕ್ಕದ ಗ್ರೌಂಡ್ ಆದ ಬಟನ್‌ಗೆ ದಾರಿ ಮಾಡಿಕೊಡುತ್ತದೆ. ಚಿಪ್‌ಗೆ ಇದು ಥೇಟ್ ಬೆರಳೇ. ಪರಿಹಾರ ಏನೆಂದರೆ ಉಳಿದ ಏಳನ್ನೂ ಗ್ರೌಂಡ್ ಮಾಡದೆ, ಅಳೆಯುವ ಬಟನ್ ಜೊತೆಗೇ ಅದೇ ವೋಲ್ಟೇಜ್‌ನಲ್ಲಿ ಏರಿಸಿ ಇಳಿಸುವುದು. ಎರಡೂ ಕಡೆ ಒಂದೇ ವೋಲ್ಟೇಜ್ ಇದ್ದರೆ ನಡುವಿನ ಹಾಲಿನಲ್ಲಿ ಚಾರ್ಜ್ ಹರಿಯುವುದಿಲ್ಲ. ಈ ತಂತ್ರಕ್ಕೆ ಡ್ರಿವನ್ ಶೀಲ್ಡ್ ಅನ್ನುತ್ತಾರೆ. ಹೀಗೆ ಮಾಡಿದರೆ ಹರಿದ ಹಾಲಿನ ಸಿಗ್ನಲ್ ಬಹಳಷ್ಟು ಕುಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ. ಹಾಲಿನ ಧಾರೆ ಉಕ್ಕಿದ ಪಾತ್ರೆಯವರೆಗೂ ಮುಟ್ಟಿಕೊಂಡಿದ್ದರೆ ಆ ಪಾತ್ರೆಯೇ ಒಂದು ದೊಡ್ಡ ಬೆರಳಿನಂತೆ ವರ್ತಿಸುತ್ತದೆ.

ಅದಕ್ಕೇ ಗಾರ್ಡ್ ಸೆನ್ಸರ್ ಬೇಕಾಯಿತು. ಪಾತ್ರೆ ಇಡುವ ಜಾಗಕ್ಕೂ ಬಟನ್‌ಗಳಿಗೂ ನಡುವೆ, ಗಾಜಿನ ಅಡಿಗೆ ಒಂದು ತೆಳುವಾದ ಉದ್ದ ಪಟ್ಟಿ ಅಂಟಿಸಿದೆವು. ಅದು ಬಟನ್ ಅಲ್ಲ. ಉಕ್ಕಿದ್ದು ಬಟನ್ ಕಡೆ ಹೋಗಬೇಕಾದರೆ ಇದನ್ನು ದಾಟಿಯೇ ಹೋಗಬೇಕು. ಗಾರ್ಡ್ ಏರಿದರೆ ಎಲ್ಲ ಬಟನ್ ಲಾಕ್. ಕೆಲವು ಸೆಕೆಂಡಿನೊಳಗೆ ಗಾರ್ಡ್ ಇಳಿಯದಿದ್ದರೆ ಒಲೆಯೇ ಆಫ್. ಲಾಕ್ ಆಗಿದ್ದಾಗಲೂ ಆಫ್ ಬಟನ್ ಮಾತ್ರ ಕೇಳಬೇಕು ಅಂತ ನಾನು ಹಟ ಹಿಡಿದೆ. ತಪ್ಪಾಗಿ ಆಫ್ ಆದರೆ ಅನ್ನ ಅರೆಬೆಂದೀತು, ಅಷ್ಟೇ. ತಪ್ಪಾಗಿ ಆನ್ ಆಗುವುದಕ್ಕೆ ಯಾವ ದಾರಿಯೂ ಇರಕೂಡದು. ಆನ್ ಬಟನ್‌ಗೆ ಒಂದು ಸೆಕೆಂಡ್ ಒತ್ತಿ ಹಿಡಿಯುವ ನಿಯಮ ಹಾಕಿದ್ದೂ ಇದೇ ಕಾರಣಕ್ಕೆ.

ಇದೇ ಸಂದರ್ಭದಲ್ಲಿ ಮೂರನೇ ದೋಷವೊಂದು ಬಯಲಾಯಿತು. ಗಾಜು ಬಿಸಿಯಾದರೆ ರಾ ಕೌಂಟ್ ನಿಧಾನಕ್ಕೆ ಜರುಗುತ್ತದೆ. ಅದನ್ನು ಸರಿದೂಗಿಸಲು ಬೇಸ್‌ಲೈನ್ ಕೂಡ ನಿಧಾನಕ್ಕೆ ಹಿಂಬಾಲಿಸುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಒಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಅಲ್ಲೇ ಬಿಟ್ಟು ಸ್ವಿಚ್ ಹಾಕುವುದು ಮಾಮೂಲು. ಆಗ ಬಟ್ಟೆಯನ್ನೂ ಸೇರಿಸಿಯೇ ಬೇಸ್‌ಲೈನ್ ನಿಗದಿಯಾಗುತ್ತದೆ. ಬಟ್ಟೆ ತೆಗೆದರೆ ಕೌಂಟ್ ಬೇಸ್‌ಲೈನಿಗಿಂತ ಕೆಳಗೆ ಹೋಗುತ್ತದೆ, ಬೆರಳು ಇಟ್ಟರೂ ಗಡಿ ಮುಟ್ಟುವುದಿಲ್ಲ, ಬಟನ್ ಸತ್ತಂತೆ. ಕೌಂಟ್ ಕೆಳಗಿಳಿದು ಒಂದಿಷ್ಟು ಹೊತ್ತು ಅಲ್ಲೇ ನಿಂತರೆ ಬೇಸ್‌ಲೈನನ್ನು ತಕ್ಷಣ ಅಲ್ಲಿಗೆ ಇಳಿಸಿ ಅನ್ನುವ ನಿಯಮ ಸೇರಿಸಿದ್ದರಿಂದ ಇದು ಸರಿಹೋಯಿತು. ಮೇಲಕ್ಕೆ ಹೋಗುವಾಗ ನಿಧಾನ, ಕೆಳಕ್ಕೆ ಬರುವಾಗ ಬೇಗ.

ಈಗ ಕಂಪನಿಯ ಅಸೆಂಬ್ಲಿ ಲೈನಿನಲ್ಲಿ ಪ್ರತಿ ಒಲೆಯನ್ನೂ ಪಾತ್ರೆ ಇಟ್ಟು, ಪೂರ್ತಿ ಪವರ್‌ನಲ್ಲಿ ಓಡಿಸಿ, ಭೂಮಿಗೆ ಕಟ್ಟಿದ ಬೆರಳಗಲದ ಲೋಹದ ಬಿಲ್ಲೆಯನ್ನು ಒಂದೊಂದೇ ಬಟನ್ ಮೇಲಿಟ್ಟು ಸಿಗ್ನಲ್, ನಾಯ್ಸ್ ಎರಡನ್ನೂ ದಾಖಲಿಸುತ್ತಾರೆ. ಯಾವುದೇ ಬಟನ್ 5:1ಕ್ಕಿಂತ ಕಡಿಮೆ ಬಂದರೆ ಒಲೆ ಪ್ಯಾಕಿಂಗ್‌ಗೆ ಹೋಗುವುದಿಲ್ಲ. ಸ್ಪ್ರಿಂಗ್ ಓರೆಯಾಗಿ ಬೆಸುಗೆಯಾದದ್ದು ಕೂಡ ಇಲ್ಲೇ ಸಿಕ್ಕಿಬೀಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಅಭಿಪ್ರಾಯ ಕೂಡಲಿಲ್ಲ. ಪ್ಯಾನೆಲ್ ಮೇಲೆ ಗಂಜಿ ನಿಂತಿರುವಾಗ, ಒದ್ದೆ ಕೈಯಲ್ಲಿ, ಗಾಬರಿಯಲ್ಲಿ ಒಬ್ಬರು ಆಫ್ ಮಾಡಲು ಹೋಗುತ್ತಾರೆ. ಆ ಒಂದು ಕೆಲಸಕ್ಕೆ ಟಚ್ ಬೇಡ, ಒತ್ತಿದರೆ ಟಕ್ಕೆನ್ನುವ ನಿಜವಾದ ಸ್ವಿಚ್ ಇರಲಿ ಅನ್ನುವುದು ನನ್ನ ಸಲಹೆ. ಗಾಜಿನ ಪಕ್ಕದಲ್ಲಿ ತೂತು ಕೊರೆದರೆ ಒಳಗೆ ನೀರು ಇಳಿಯುತ್ತದೆ, ನೋಟವೂ ಕೆಡುತ್ತದೆ ಅನ್ನುವುದು ಅವರ ವಾದ. ಮುಂದಿನ ಮಾಡೆಲ್‌ನಲ್ಲಿ ಸ್ವಿಚ್ಚನ್ನು ಗಾಜಿನಲ್ಲಲ್ಲದೆ ಮುಂಭಾಗದ ಪ್ಲಾಸ್ಟಿಕ್ ಅಂಚಿನಲ್ಲಿ ಕೊಟ್ಟು ನೋಡಲು ಒಪ್ಪಿದ್ದಾರೆ. ಅದರ ಡ್ರಾಯಿಂಗ್ ಕೆಲಸ ನಡೆದಿದೆ.